ಆಟ ಇರಲಿ ಅಂದವಳು ನಾನೇ

ಡ್ರೈವರ್ ಕುಡಿದಿರಲಿಲ್ಲ. ಕಾರಿನ ಸ್ಟೇರಿಂಗು ಸಡಿಲಾಗಿತ್ತು. ಸಡಿಲಾಗಿದೆ ಅಂತ ಅವನು ನನಗೆ ಎರಡು ಸಲ ಹೇಳಿದ್ದ, ಎರಡು ಸಲವೂ ನಾನು ಇರಲಿ ಬಿಡು ಅಂದಿದ್ದೆ. ಕಾರು ಗದ್ದೆಗೆ ಇಳಿದ ಮೇಲೆ ನಾಲ್ಕು ಜನರ ಎದುರಿಗೆ ಅವನನ್ನು ಕುಡುಕ ಅಂದವಳೂ ನಾನೇ. ನಡೆದದ್ದು ಇಷ್ಟು. ನಮ್ಮ ಮನೆಯಲ್ಲಿ ಈ ಕತೆ ಹೇಳುವವರೆಲ್ಲ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ತಪ್ಪನ್ನು ರಸ್ತೆಯ ಮೇಲೆ, ಮಳೆಯ ಮೇಲೆ, ಎದುರಿಗೆ ಬಂದ ಎತ್ತಿನ ಗಾಡಿಯ ಮೇಲೆ ಹಾಕುತ್ತಾರೆ. ಎತ್ತುಗಳು ಪಾಪ, ತಮ್ಮ ಪಾಡಿಗೆ ತಮ್ಮ ಬದಿಯಲ್ಲೇ ಹೋಗುತ್ತಿದ್ದವು.

ಐವತ್ತೆಂಟನೆಯ ಇಸವಿಯೋ ಅದರ ಹಿಂದಿನದೋ ಇರಬೇಕು. ಶಿಕಾರಿಪುರದ ಪೇಟೆಯಲ್ಲಿ ನಮ್ಮ ಮನೆಯವರದು ಕಾಳುಕಡಿಯ ಅಂಗಡಿ. ಊರಲ್ಲಿ ಕಾರಿದ್ದ ಮನೆಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು, ಅದರಲ್ಲಿ ನಮ್ಮದು ಕಿರುಬೆರಳು. ಯಾವನೋ ಎಸ್ಟೇಟಿನ ದೊರೆ ಊರು ಬಿಡುವಾಗ ಮಾರಿ ಹೋಗಿದ್ದ ಕಾರು, ಎರಡು ಮೂರು ಕೈ ದಾಟಿ ನಮ್ಮಲ್ಲಿಗೆ ಬಂದಿತ್ತು. ಅದರ ಎಡಗಡೆಯ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ, ಬಲಗಡೆಯದು ಹೊರಗಿನಿಂದ. ಹಾಗಾಗಿ ಹತ್ತುವುದು ಒಂದು ಕಡೆ, ಇಳಿಯುವುದು ಇನ್ನೊಂದು ಕಡೆ. ನಾನು ಅದನ್ನೂ ದೊಡ್ಡಸ್ತಿಕೆ ಅಂತಲೇ ತಿಳಿದಿದ್ದೆ.

ನಾನು ಓದಿದ್ದು ಮೂರನೆಯ ಕ್ಲಾಸು. ಆದರೆ ಗಾಲಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅನ್ನುವುದು ನನ್ನ ನಂಬಿಕೆ. ಸೊರಬದ ಕಡೆಯ ನನ್ನ ತವರಿನಲ್ಲಿ ಮೂರು ಎತ್ತಿನ ಗಾಡಿಗಳಿದ್ದವು. ನಮ್ಮಪ್ಪ ಗಾಡಿ ಕಟ್ಟುವ ಮೊದಲು ಎರಡೂ ಗಾಲಿಗಳನ್ನು ಹಿಡಿದು ಅಲುಗಾಡಿಸಿ ನೋಡುತ್ತಿದ್ದ. ಗಾಲಿ ಅಚ್ಚಿನ ಮೇಲೆ ಅತ್ತ ಇತ್ತ ಸರಿದು ಗಡಕ್ ಅಂದರೆ ಅವನಿಗೆ ಸಮಾಧಾನ. ‘ಆಟ ಐತಿ, ಕಟ್ರಿ’ ಅನ್ನುತ್ತಿದ್ದ. ಆಟ ಇಲ್ಲದ ಗಾಲಿ ಬಿಗಿದು ಹಿಡಿದು ಅಚ್ಚನ್ನು ಸುಡುತ್ತದೆ, ಎತ್ತಿನ ಹೆಗಲು ಕೀಳುತ್ತದೆ. ಇದು ನಾನು ಅಕ್ಷರ ಕಲಿಯುವ ಮೊದಲೇ ಕಲಿತ ಪಾಠ. ಅಕ್ಷರ ಅರ್ಧ ಮರೆತಿತ್ತು, ಇದು ಮರೆತಿರಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ನಮ್ಮ ಡ್ರೈವರ್ ಆನವಟ್ಟಿಯವನು. ಇಪ್ಪತ್ತೈದರ ಒಳಗಿನ ವಯಸ್ಸು, ಅಪ್ಪ ಇಲ್ಲ, ತಾಯಿಯೊಬ್ಬಳೇ. ಲಾರಿಗಳಲ್ಲಿ ಕ್ಲೀನರ್ ಆಗಿದ್ದು ಕೆಲಸ ಕಲಿತವನು. ಮಾತು ಬಹಳ ಕಡಿಮೆ. ಆ ವರ್ಷ ಯುಗಾದಿ ಆದಮೇಲೆ ಉಳವಿಯಲ್ಲಿ ಅವನಿಗೆ ಹೆಣ್ಣು ಗೊತ್ತಾಗಿ ತಾಂಬೂಲ ಬದಲಾಯಿಸಿಕೊಂಡಿದ್ದರು. ದೀಪಾವಳಿ ಕಳೆದು ಮದುವೆ. ಆ ವಿಷಯವನ್ನು ಅವನು ನನ್ನ ಹತ್ತಿರ ಹೇಳಿದ್ದು ಕಾರಿನ ಗಾಜು ಒರೆಸುತ್ತ, ಗಾಜಿಗೆ ಹೇಳಿದ ಹಾಗೆ. ಅವನಿಗೆ ಮಾತು ಕಲಿಸುವುದಕ್ಕೆ ಆ ಹುಡುಗಿಯೇ ಬರಬೇಕು ಅಂತ ನಾನು ತಮಾಷೆ ಮಾಡಿದ್ದೆ.

ಅಂಥ ಮಾತು ಕಡಿಮೆಯವನು ಒಂದು ದಿನ ತಾನಾಗಿ ಬಂದು ಹಿತ್ತಲ ಬಾಗಿಲಲ್ಲಿ ನಿಂತ. ನಮ್ಮ ಮನೆಯವರು ಖರೀದಿಗೆ ಅಂತ ಮೂರು ವಾರದ ಮಟ್ಟಿಗೆ ದಾವಣಗೆರೆಗೆ ಹೋಗಿದ್ದರು. ಅವರು ಊರಲ್ಲಿ ಇಲ್ಲದಾಗ ಕಾರಿನ ಯಜಮಾನಿಕೆ ನನ್ನದು.

“ಅಮ್ಮಾರೆ, ಸ್ಟೇರಿಂಗಿಗೆ ಆಟ ಬಾಳ ಆಗೇತ್ರಿ. ಮಿಸ್ತ್ರಿಗೆ ತೋರಿಸ್ಬೇಕು.”

“ಆಟ ಇರ್ಲಿ ಬಿಡಪ್ಪ,” ಅಂದೆ. “ಆಟ ಇಲ್ದಿದ್ರೆ ಗಾಡಿ ಹೆಂಗ ಓಡ್ತೈತಿ?”

ಅವನು ನನ್ನ ಮುಖ ನೋಡಿದ. ನಾನು ಅವನಿಗೆ ಅಚ್ಚು, ಗಾಲಿ, ಎತ್ತಿನ ಹೆಗಲು ಎಲ್ಲ ವಿವರಿಸಿ ಹೇಳಿದೆ. ತಲೆ ಆಡಿಸಿ ಹೋದ. ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಈ ಸಲ ಒಂದು ಮಾತು ಜಾಸ್ತಿ ಹೇಳಿದ.

“ಇದು ಆ ಆಟ ಅಲ್ರಿ ಅಮ್ಮಾರೆ. ಇದು ಕೈಯಾಗಿನ ಆಟ.”

“ಕೈಯಾಗ ಆಟ ಇದ್ರ ಕೈ ಬಿಗಿ ಹಿಡಿ,” ಅಂದೆ.

ಎಂಥ ಉತ್ತರ ಕೊಟ್ಟೆ ಅಂತ ಆ ದಿನವೆಲ್ಲ ನನಗೆ ನನ್ನ ಮೇಲೇ ಮೆಚ್ಚುಗೆ. ಒಲೆಯ ಮುಂದೆ ಕೂತು ಒಬ್ಬಳೇ ನಕ್ಕಿದ್ದೂ ನೆನಪಿದೆ.

ಆ ಮಾತಾಗಿ ವಾರವೂ ಆಗಿರಲಿಲ್ಲ, ಸೊರಬದಲ್ಲಿದ್ದ ನನ್ನ ತಂಗಿಯ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ನಾಟಿಯ ಕಾಲ, ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಬಸ್ಸಿನಲ್ಲಿ ಹೋಗಬಹುದಿತ್ತು. ಆದರೆ ಕಾರಿನಲ್ಲಿ ಹೋಗಿ ಇಳಿಯುವುದಕ್ಕೂ ಬಸ್ಸಿನಲ್ಲಿ ಹೋಗಿ ಇಳಿಯುವುದಕ್ಕೂ ಇರುವ ವ್ಯತ್ಯಾಸ ತಂಗಿಯ ಮನೆಗೆ ಹೋಗುವ ಅಕ್ಕಂದಿರಿಗೆ ಗೊತ್ತಿರುತ್ತದೆ. ಇಳಕಲ್ ಸೀರೆ ಉಟ್ಟೆ. ಬಾಣಂತಿಗೆ ಅಂತ ಕಟ್ಟಿದ ಅಂಟಿನುಂಡೆಯ ಡಬ್ಬಿಯನ್ನು ಮಗ್ಗುಲಲ್ಲಿ ಇಟ್ಟುಕೊಂಡು ಹಿಂದಿನ ಸೀಟಿನ ನಡುಮಧ್ಯೆ ಕೂತೆ.

ಯಾವಾಗಲೂ ಮುಂದಿನ ಸೀಟಿನಲ್ಲಿ ನಮ್ಮ ಮನೆಯವರು ಇರುತ್ತಿದ್ದರು, ಅವರ ಪೇಟ ಅಡ್ಡ ಬಂದು ನನಗೆ ಏನೂ ಕಾಣುತ್ತಿರಲಿಲ್ಲ. ಆ ದಿನ ಮೊದಲನೆಯ ಸಲ ಡ್ರೈವರನ ಕೈ ಕಣ್ಣಿಗೆ ಬಿತ್ತು. ರಸ್ತೆ ನೆಟ್ಟಗಿದೆ, ಇವನ ಕೈ ಮಾತ್ರ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಮಜ್ಜಿಗೆ ಕಡೆಯುವ ಹಾಗೆ. ಒಂದು ಗಳಿಗೆ ಸುಮ್ಮನೆ ನಿಲ್ಲಲಿಲ್ಲ. ಕಾರೂ ಹಾಗೆಯೇ, ಹೊಟ್ಟೆ ತುಂಬಿದ ಎಮ್ಮೆ ನಡೆದ ಹಾಗೆ ಆ ಅಂಚಿಗೆ ಒಂದು ಸಲ ಈ ಅಂಚಿಗೆ ಒಂದು ಸಲ. ನನಗೆ ಅನುಮಾನ ಬಂತು. ಅನುಮಾನ ಬಂದ ಮೇಲೆ ಮೂಗು ಚುರುಕಾಯಿತು. ಲವಂಗದ ವಾಸನೆ. ಬೆಳಗ್ಗೆ ಬೆಳಗ್ಗೆ ಗಂಡಸಿನ ಬಾಯಲ್ಲಿ ಲವಂಗ ಯಾಕೆ ಅಂತ ಕೇಳಿಕೊಂಡೆ, ಬೇರೆ ವಾಸನೆ ಮುಚ್ಚುವುದಕ್ಕೆ ಅಂತ ನಾನೇ ಹೇಳಿಕೊಂಡೆ. ಶಿರಾಳಕೊಪ್ಪ ದಾಟುವಾಗ ಏನೋ ಕೇಳಿದೆ, ಅವನು ಕೊಟ್ಟ ಉತ್ತರ ತೊದಲಿತು. ಕೈ ಆಯಿತು, ಮೂಗಾಯಿತು, ನಾಲಿಗೆಯೂ ಆಯಿತು. ಪೊಲೀಸರಿಗೂ ಇಷ್ಟು ಬೇಗ ಪುರಾವೆ ಸಿಕ್ಕಿರಲಿಕ್ಕಿಲ್ಲ.

ಸೊರಬ ಇನ್ನು ಎರಡು ಮೈಲಿ ಇರುವಾಗ ಒಂದು ಕೆರೆಯ ಏರಿ ಇಳಿದ ಕೂಡಲೇ ರಸ್ತೆ ಬಲಕ್ಕೆ ತಿರುಗುತ್ತದೆ. ತಿರುವಿನಲ್ಲಿ ಹುಲ್ಲಿನ ಗಾಡಿಯೊಂದು ಎದುರಿಗೆ ಬರುತ್ತಿತ್ತು. ಡ್ರೈವರ್ ಸ್ಟೇರಿಂಗನ್ನು ತಿರುಗಿಸಿದ. ಕಾರು ತಿರುಗಲಿಲ್ಲ. ಇನ್ನೂ ತಿರುಗಿಸಿದ. ಕಾರು ಆಗಲೂ ತನ್ನ ಯೋಚನೆಯಲ್ಲೇ ಇತ್ತು. ಆಮೇಲೆ ಒಮ್ಮೆಲೇ ನೆನಪಾದ ಹಾಗೆ ಬಲಕ್ಕೆ ಎಳೆಯಿತು, ಎತ್ತುಗಳ ಮೂತಿಯ ಮುಂದೆಯೇ ಹಾದು, ರಸ್ತೆ ಬಿಟ್ಟು, ಹಿಂದಿನ ದಿನವಷ್ಟೇ ಕೆಸರು ಹೊಡೆದಿಟ್ಟಿದ್ದ ಗದ್ದೆಯೊಳಕ್ಕೆ ನಿಧಾನವಾಗಿ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ನಾನು ಇಳಿಯಬಹುದಾದ ಬಾಗಿಲು ಒಂದೇ ಇತ್ತಲ್ಲ, ಅದು ಗದ್ದೆಯ ಆಳದ ಕಡೆಗಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಇಳಕಲ್ ಸೀರೆ ಸಮೇತ ನಿಂತೆ. ಡಬ್ಬಿಯ ಮುಚ್ಚಳ ಬಿಚ್ಚಿಕೊಂಡು ಉಂಡೆಗಳು ನನಗಿಂತ ಮುಂದೆ ಇಳಿದಿದ್ದವು.

ಸಂತೆಯ ದಿನ. ಗಾಡಿ ಹೊಡೆದುಕೊಂಡು ಹೊರಟವರು, ತಲೆಯ ಮೇಲೆ ಹೊತ್ತು ಹೊರಟವರು ಎಲ್ಲ ನಿಂತರು. ನಾನು ಅಷ್ಟು ಜನರ ಎದುರಿಗೆ ನಾಟಿ ಮಾಡಿದ ಸಸಿಯ ಹಾಗೆ ನಿಂತಿದ್ದೆ. ಯಾರೋ ಒಬ್ಬ ನಕ್ಕ. ಆ ನಗುವಿಗೆ ಉತ್ತರ ಕೊಡಬೇಕಾಗಿತ್ತು, ಹತ್ತಿರದಲ್ಲಿ ಸಿಕ್ಕಿದವನು ಡ್ರೈವರ್.

“ಕುಡಿದಾನ್ರೀ ಇವ,” ಅಂದೆ. “ಶಿಕಾರಿಪುರದಿಂದ ನೋಡ್ಕೊಂತ ಬಂದೀನಿ, ಕೈ ನಿಲ್ಲವಲ್ದು.”

ಡ್ರೈವರ್ ನನ್ನ ಕಡೆ ತಿರುಗಿದ. ಅವನ ಮುಖದ ಮೇಲೂ ಕೆಸರಿತ್ತು.

“ಅಮ್ಮಾರೆ, ಆಟದ ವಿಷ್ಯ ನಾನು ಮೊದ್ಲೇ ಹೇಳಿದ್ನಲ್ರಿ.”

“ಆಟ ಎಲ್ಲಾ ನಿಂದೇ,” ಅಂದೆ.

ಗುಂಪಿನಲ್ಲಿದ್ದ ಒಬ್ಬ ಮುದುಕ ಪಕ್ಕದವನನ್ನು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು. “ಇವ ನಮ್ಮೂರಿಗೆ ಅಳಿಯ ಆಗೋನಲ್ದನ?”

ಉಳವಿಯವರು. ಅದು ನನಗೆ ತಿಳಿಯಿತು. ತಿಳಿದೂ ನಾನು ಬಾಯಿ ಮುಚ್ಚಲಿಲ್ಲ, ಲವಂಗದ ವಿಷಯವನ್ನೂ ಸೇರಿಸಿ ಹೇಳಿದೆ. ಉಳಿದದ್ದೆಲ್ಲ ದಡ್ಡತನ ಅಂತ ಬಿಟ್ಟುಬಿಡಬಹುದು. ಇದಕ್ಕೆ ಆ ಹೆಸರು ಹೊಂದುವುದಿಲ್ಲ.

ಹುಲ್ಲಿನ ಗಾಡಿಯವನೇ ಎತ್ತು ಬಿಚ್ಚಿ, ಇನ್ನೊಂದು ಜೋಡಿ ಕೂಡಿಸಿ, ಕಾರನ್ನು ರಸ್ತೆಗೆ ಎಳೆದುಕೊಟ್ಟ. ನಾನು ಬಸ್ಸು ಹತ್ತಿ ಸೊರಬಕ್ಕೆ ಹೋದೆ. ಕೆಸರು ಮೆತ್ತಿದ ಅಕ್ಕನನ್ನು ನೋಡಿ ತಂಗಿಯ ಮನೆಯ ಹೆಂಗಸರೆಲ್ಲ ಸುತ್ತ ಕೂತರು. ಮೊದಲ ಸಲ ಹೇಳುವಾಗ ಡ್ರೈವರ್ ಕುಡಿದ ಹಾಗಿತ್ತು. ಎರಡನೆಯ ಸಲ ಕುಡಿದಿದ್ದ. ಮೂರನೆಯ ಸಲ ಸೀಟಿನ ಕೆಳಗೆ ಬಾಟಲಿಯೂ ಉರುಳಿತು. ಆ ಬಾಟಲಿ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾಲ್ಕನೆಯ ಸಲ ಹೇಳುವ ಹೊತ್ತಿಗೆ ನಾನೇ ಅದನ್ನು ಕಣ್ಣಾರೆ ಕಂಡ ಹಾಗೆ ನಂಬಿದ್ದೆ.

ಮಾರನೆಯ ದಿನ ಶಿಕಾರಿಪುರಕ್ಕೆ ವಾಪಸು ಬಂದರೆ ಕಾರು ಅಂಗಳದಲ್ಲಿತ್ತು. ಕೆಸರು ತೊಳೆದು, ಸೀಟಿನ ಬಟ್ಟೆ ಒಣಗಲು ಹಾಕಿ, ಕೀಲಿಯನ್ನು ಪಡಸಾಲೆಯ ಮೊಳೆಗೆ ನೇತುಹಾಕಿ ಅವನು ಆನವಟ್ಟಿಗೆ ಹೋಗಿಬಿಟ್ಟಿದ್ದ. ತಪ್ಪು ಮಾಡಿದವನು ಹೀಗೆಯೇ ಓಡಿಹೋಗುವುದು ಅಂದುಕೊಂಡೆ. ಸೀಟಿನ ಬಟ್ಟೆ ತೊಳೆದಿಟ್ಟು ಯಾರು ಓಡಿಹೋಗುತ್ತಾರೆ ಅಂತ ಯೋಚನೆ ಮಾಡಲಿಲ್ಲ.

ಒಂಬತ್ತನೆಯ ದಿನ ಅವನ ತಾಯಿ ಬಂದಳು. ನಾನು ಮೊರ ಹಿಡಿದು ಅಕ್ಕಿ ಕೇರುತ್ತಿದ್ದೆ. ಕೂರು ಅಂದರೆ ಕೂರಲಿಲ್ಲ. ಬಾಗಿಲ ಹತ್ತಿರ ನಿಂತೇ ಮಾತಾಡಿದಳು. ಕೆಲಸಕ್ಕೆ ವಾಪಸು ಕರೆಯಿರಿ ಅಂತ ಕೇಳಲು ಬಂದಿಲ್ಲ ಅಂದಳು. ಉಳವಿಯ ಬೀಗರು ತಾಂಬೂಲ ತಿರುಗಿ ಕಳಿಸಿದ್ದಾರೆ, ಕುಡಿದು ಕಾರು ಹೊಡೆಯುವವನಿಗೆ ಹೆಣ್ಣು ಕೊಡುವುದಿಲ್ಲ ಅಂದಿದ್ದಾರೆ. ಮಗ ಎರಡು ಕಡೆ ಕೆಲಸಕ್ಕೆ ಕೇಳಿದ್ದಾನೆ, ಅಲ್ಲಿಗೂ ಅದೇ ಮಾತು ಮೊದಲೇ ಹೋಗಿ ಕೂತಿದೆ.

“ನನ್ನ ಮಗನ ದವಡೆ ಹಲ್ಲು ಕೀವಾಗಿತ್ರಿ ಅವತ್ತು,” ಅಂದಳು. “ಬಾಯಿ ತೆರೆಯಾಕ ಆಗ್ತಿರ್ಲಿಲ್ಲ. ಲವಂಗದೆಣ್ಣಿ, ಹತ್ತಿ ನಾನೇ ಕೊಟ್ಟು ಕಳಿಸಿದ್ದೆ. ನೀವು ಒಂದು ಮಾತು ಉಳವಿಯವರಿಗೆ ಹೇಳ್ರಿ, ಸಾಕು.”

ನಾನು ಏನಂದೆ ಅಂತ ಹೇಳಲೇಬೇಕು. ಹಲ್ಲಿನ ವಿಷಯ ಸರಿ, ಆದರೆ ಕೈ ನಡುಗುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ, ನೋಡಿದ್ದನ್ನು ಇಲ್ಲ ಅಂತ ಹೇಗೆ ಹೇಳಲಿ ಅಂದೆ. ನನ್ನ ಸತ್ಯಸಂಧತೆ ಅಷ್ಟು ದೊಡ್ಡದು. ಬಾಟಲಿಯ ಮಾತು ನೆನಪಾಗಿ ಸ್ವಲ್ಪ ಮುಜುಗರವಾಯಿತು, ಅದಕ್ಕೇ ಅಕ್ಕಿ ಇನ್ನೂ ಜೋರಾಗಿ ಕೇರಿದೆ. ಅವಳು ಸೆರಗು ಹೊದ್ದುಕೊಂಡು ಹೋದಳು.

ಮರುದಿನ ನಮ್ಮ ಮನೆಯವರು ದಾವಣಗೆರೆಯಿಂದ ಬಂದರು. ಕತೆ ಕೇಳಿ, ಅವನು ಕುಡಿಯುವವನಲ್ಲವಲ್ಲ ಅಂದರು. ನೀವು ಇದ್ದಿರಾ ಅಲ್ಲಿ ಅಂತ ಕೇಳಿದೆ. ಇರಲಿಲ್ಲ. ಅದರ ಮಾರನೆಯ ದಿನ ಕಾರಿನ ಮಡ್‌ಗಾರ್ಡು ನೆಟ್ಟಗೆ ಮಾಡಿಸಲು ಮಿಸ್ತ್ರಿಗೆ ಹೇಳಿಕಳಿಸಿ ತಾವು ಅಂಗಡಿಗೆ ಹೋದರು.

ಮಿಸ್ತ್ರಿ ವಯಸ್ಸಾದ ಸಾಬರು. ಊರಿನ ಲಾರಿ, ಬಸ್ಸು, ಹಿಟ್ಟಿನ ಗಿರಣಿ, ಎಲ್ಲದರ ವೈದ್ಯರು ಅವರೇ. ಮಡ್‌ಗಾರ್ಡು ಬಡಿದು ಮುಗಿಸಿ, ಕಾರನ್ನು ಒಂದು ಸುತ್ತು ಸುತ್ತಿ, ಕಿಟಕಿಯೊಳಗೆ ಕೈ ಹಾಕಿ ಸ್ಟೇರಿಂಗನ್ನು ಬೆರಳಲ್ಲಿ ಆಡಿಸಿದರು. ಮುಖ ಗಂಟಾಯಿತು. ಗಾಲಿಗಳನ್ನು ಹೆಬ್ಬೆಟ್ಟಿನಲ್ಲಿ ಒತ್ತಿ ನೋಡಿ, ಗಾಳಿ ಸರಿಯಾಗಿದೆ ಅಂತ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಅತ್ತ ಇತ್ತ ನೋಡಿದರು. ಅಂಗಳದಲ್ಲಿ ನನ್ನ ಬಿಟ್ಟರೆ ಯಾರೂ ಇರಲಿಲ್ಲ.

“ಅಮ್ಮಾ, ಒಂದು ಗಳಿಗಿ ಒಳಗ ಕುಂತು ಇದನ್ನ ತಿರುಗಿಸ್ತೀರಾ? ನಾನು ಕೆಳಗಿಂದ ನೋಡ್ತೀನಿ.”

ಹೆಂಗಸು ಸ್ಟೇರಿಂಗಿನ ಮುಂದೆ ಕೂರುವುದು ಆಗ ನಮ್ಮ ಊರು ಕಾಣದ ವಿಷಯ. ಅಂಗಳದ ಬಾಗಿಲು ಹಾಕಿ ಬಂದು, ಸೆರಗು ಸಿಕ್ಕಿಸಿಕೊಂಡು ಕೂತೆ. ಕೂತ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಯಿತು. ಮಿಸ್ತ್ರಿ ಸ್ಟೇರಿಂಗಿನ ಅಂಚಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಮುಂದಿನ ಗಾಲಿಯ ಹತ್ತಿರ ನೆಲದ ಮೇಲೆ ಮಲಗಿದರು. ಎಡಕ್ಕೆ ಮೆಲ್ಲಗೆ ತಿರುಗಿಸಿ ಅಂದರು. ತಿರುಗಿಸಿದೆ.

“ಶುರು ಮಾಡ್ರಿ ಅಮ್ಮಾ,” ಕೆಳಗಿಂದ ದನಿ ಬಂತು.

“ಮಾಡಿ ಆತಲ್ರಿ,” ಅಂದೆ.

“ಇಲ್ಲ, ಇನ್ನಾ ನೀವು ಮುಟ್ಟೇ ಇಲ್ಲ.”

ನನಗೆ ಸಿಟ್ಟು ಬಂತು. ಬಲಕ್ಕೆ ತಿರುಗಿಸಿ ತೋರಿಸಿದೆ. ಅವರು ಮತ್ತೆ ಅದೇ ಹೇಳಿದರು. ನಾನು ತಿರುಗಿಸಿದ್ದೇನೆ ಅನ್ನುವುದು, ಅವರು ಇಲ್ಲ ಅನ್ನುವುದು. ಮಿಸ್ತ್ರಿಯನ್ನೂ ಕುಡುಕ ಅಂದುಬಿಡುತ್ತಿದ್ದೆನೇನೋ, ಅಷ್ಟರಲ್ಲಿ ಸೀಮೆಸುಣ್ಣದ ಗೆರೆ ನೋಡಿದೆ. ಮೇಲಿದ್ದ ಗೆರೆ ಪಕ್ಕಕ್ಕೆ ಬಂದಿತ್ತು. ಗೇಣು ಹಾಕಿ ಅಳೆದೆ. ಸೀರೆಯ ಅಂಚು ಅಳೆಯುವ ಗೇಣು, ತಪ್ಪುವುದಿಲ್ಲ. ಪೂರಾ ಒಂದು ಗೇಣು ನಾನು ಸ್ಟೇರಿಂಗು ತಿರುಗಿಸಿದ್ದೇನೆ, ಗಾಲಿಗೆ ಸುದ್ದಿಯೇ ಮುಟ್ಟಿಲ್ಲ.

ಆಮೇಲೆ ಮಿಸ್ತ್ರಿ ಜಾಕಿ ಕೊಟ್ಟು ಮುಂದಿನ ಗಾಲಿಗಳನ್ನು ಒಂದೊಂದಾಗಿ ಎತ್ತಿದರು. ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು, ಅಲ್ಲಿ ಏನೂ ತೊಂದರೆ ಇರಲಿಲ್ಲ. ಸ್ಟೇರಿಂಗಿನ ಬುಡದ ಬೋಲ್ಟುಗಳನ್ನು ನೋಡಿದರು, ಅವೂ ಬಿಗಿಯಾಗಿದ್ದವು. ಮತ್ತೆ ನನ್ನ ಕೈಯಲ್ಲಿ ಅತ್ತ ಇತ್ತ ತಿರುಗಿಸುತ್ತಾ ಇರಲು ಹೇಳಿ, ಅಡಿಯಲ್ಲಿದ್ದ ಒಂದೊಂದು ಕೀಲಿನ ಮೇಲೂ ಅಂಗೈ ಇಟ್ಟು ನೋಡುತ್ತ ಹೋದರು, ನಾಡಿ ನೋಡುವವರ ಹಾಗೆ. ಒಂದು ಕಡೆ ಕೈ ನಿಂತಿತು. ನನ್ನ ಕೈಗೂ ಅದೇ ಹೊತ್ತಿಗೆ ಕಟಕ್ ಅಂತ ಬಡಿಯಿತು.

ಬಿಚ್ಚಿ ಹೊರಗೆ ತಂದು ತೋರಿಸಿದರು. ಸ್ಟೇರಿಂಗಿನ ಮಾತನ್ನು ಗಾಲಿಗೆ ಮುಟ್ಟಿಸುವ ಕಬ್ಬಿಣದ ಸಲಾಕೆ ಒಂದಿರುತ್ತದೆ. ಅದರ ತುದಿಯಲ್ಲಿ ಒಂದು ಬಟ್ಟಲು, ಬಟ್ಟಲಿನಲ್ಲಿ ಒಂದು ಗುಂಡು, ಗುಂಡು ಕದಲದ ಹಾಗೆ ಒತ್ತಿ ಹಿಡಿಯಲು ಒಂದು ಸ್ಪ್ರಿಂಗು. ನಮ್ಮ ಕಾರಿನ ಸ್ಪ್ರಿಂಗು ಮುರಿದು ಎರಡಾಗಿತ್ತು. ದುಂಡಗಿರಬೇಕಾದ ಗುಂಡು ಸವೆದು ಗೇರುಬೀಜದ ಆಕಾರಕ್ಕೆ ಬಂದಿತ್ತು. ಇದು ಒಂದು ದಿನದಲ್ಲಿ ಆಗುವ ಸವೆತವಲ್ಲ, ವರ್ಷದ್ದು ಅಂದರು ಮಿಸ್ತ್ರಿ. ಇಂಥ ಕಾರನ್ನು ನೆಟ್ಟಗೆ ಓಡಿಸಬೇಕಾದರೆ ಕೈ ಒಂದು ಕ್ಷಣ ಸುಮ್ಮನಿರುವ ಹಾಗಿಲ್ಲ, ಅತ್ತ ಎಳೆದರೆ ಇತ್ತ, ಇತ್ತ ಎಳೆದರೆ ಅತ್ತ, ಹಿಡಿಯುತ್ತಲೇ ಇರಬೇಕು. ಇಷ್ಟು ದಿನ ಓಡಿಸಿದವನ ಕೈ ದೊಡ್ಡದು ಅಂದರು.

ಗಾಡಿಗೆ ಆಟ ಬೇಕಲ್ಲ ಅಂತ ನಾನು ಮೆಲ್ಲಗೆ ಕೇಳಿದೆ. ಬೇರೆ ದಾರಿ ಇರಲಿಲ್ಲ, ಪೂರಾ ಮುಳುಗುವ ಮೊದಲು ಒಂದು ಸಲ ಕೈ ಎತ್ತಿ ನೋಡಬೇಕಲ್ಲ.

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದರು. “ಓಹೋ, ಆ ಮಾತು ನಿಮ್ದೇನು? ಆ ಹುಡುಗ ಬಂದು ಕೇಳಿದ್ದ ನನಗ. ಕಾರಿಗೂ ಆಟ ಇರಬೇಕಂತಾರ ನಮ್ಮ ಅಮ್ಮಾರು, ಖರೇನಾ ಮಿಸ್ತ್ರಿ ಅಂತ.” ಆಮೇಲೆ ಸಮಾಧಾನವಾಗಿ ಹೇಳಿದರು. “ಎತ್ತಿಗೆ ಕಣ್ಣದಾವು ಅಮ್ಮಾ. ಗಾಲಿ ಎಷ್ಟ ಅಲುಗಾಡಿದ್ರೂ ಅವು ದಾರಿ ನೋಡ್ಕೊಂತಾವು. ಇದಕ್ಕ ಕಣ್ಣಿಲ್ಲ.”

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ನಾಚಿಕೆ ಅನ್ನುವುದಕ್ಕಿಂತ ಲೆಕ್ಕ ತಪ್ಪಿದ ಸಿಟ್ಟು ಅದು. ನನ್ನ ಕಣ್ಣು ಸುಳ್ಳು ಹೇಳಿರಲಿಲ್ಲ, ಅವನ ಕೈ ಆಡುತ್ತಿದ್ದುದು ನಿಜ. ಕೈ ಆಡುತ್ತಿದ್ದುದರಿಂದಲೇ ನಾನು ಅಷ್ಟು ದೂರ ರಸ್ತೆಯ ಮೇಲೆ ಉಳಿದಿದ್ದೆ. ನನ್ನನ್ನು ಉಳಿಸುತ್ತಿದ್ದ ಕೈಯನ್ನು ನೋಡಿ ನಾನು ಅವನ ಮದುವೆ ಮುರಿದಿದ್ದೆ. ಅದಕ್ಕೆ ಮೂರನೆಯ ಕ್ಲಾಸು ಕಾರಣವಲ್ಲ. ಆರನೆಯ ಕ್ಲಾಸು ಓದಿದ್ದರೂ ನಾನು ಹಾಗೆಯೇ ಮಾಡುತ್ತಿದ್ದೆ.

ಸಂಜೆ ನಮ್ಮ ಮನೆಯವರು ಎಲ್ಲ ಕೇಳಿ, ಉಳವಿಯವರಿಗೆ ಒಂದು ಚೀಟಿ ಬರೆದು ಕಳಿಸಿದರಾಯಿತು ಅಂದರು. ಯಾರು ಬರೆಯುವುದು ಅಂತ ಕೇಳಿದೆ. ತಾವೇ ಬರೆಯುವುದಾಗಿ ಹೇಳಿದರು. ಅವರು ಕುಡುಕ ಅಂದಿದ್ದರೆ ಅವರ ಚೀಟಿ ಸಾಕಿತ್ತು. ಅಂದವಳು ನಾನು. ನನ್ನ ಕೈಯಲ್ಲಿ ಬರೆಸಿದರೆ ‘ಕುಡಿದಿಲ್ಲ’ ಅನ್ನುವುದರಲ್ಲಿ ಒಂದು ಅಕ್ಷರ ಬಿಟ್ಟುಹೋಗಿ ಮತ್ತೆ ಮೊದಲಿನ ಕತೆಯೇ ಆಗುತ್ತಿತ್ತು. ಮಿಸ್ತ್ರಿಯಿಂದ ಆ ಸವೆದ ಗುಂಡನ್ನೂ ಮುರಿದ ಸ್ಪ್ರಿಂಗನ್ನೂ ಕೇಳಿ ಇಸಿದುಕೊಂಡೆ. ಶಿವಮೊಗ್ಗದಿಂದ ಹೊಸದು ತರಿಸಲು ನಮೂನೆಗೆ ಬೇಕು, ಕಳೆಯಬೇಡಿ ಅಂತ ಹೇಳಿ ಕೊಟ್ಟರು.

ಮಾರನೆಯ ಬೆಳಗ್ಗೆ ಮೊದಲನೆಯ ಬಸ್ಸಿಗೆ ಹೊರಟೆ. ಸೊರಬದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಉಳವಿ ಸೇರುವಾಗ ಬಿಸಿಲು ಏರಿತ್ತು. ಹುಡುಗಿಯ ಅಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಅವರ ತಾಯಿ, ತಲೆ ನೆರೆತ ಮುದುಕಿ, ಬಾಗಿಲಿಗೆ ಬಂದು ನಿಂತಳು. ನಾನು ಯಾರು ಅಂತ ಹೇಳಿದೆ. ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಗಂಟು ಬಿಚ್ಚಿ ಗುಂಡನ್ನು ಹುಡುಗಿಯ ಅಪ್ಪನ ಅಂಗೈಯಲ್ಲಿ ಇಟ್ಟೆ. ಹಲ್ಲಿನ ಕೀವು, ಲವಂಗದೆಣ್ಣೆ, ಒಂದು ಗೇಣಿನ ಆಟ, ನಾನು ಕೊಟ್ಟ ಉತ್ತರ, ಒಂದೂ ಬಿಡದೆ ಹೇಳಿದೆ. ಬಾಟಲಿ ನಾನೇ ಹುಟ್ಟಿಸಿದ್ದು ಅನ್ನುವುದನ್ನೂ ಹೇಳಿದೆ. ಬಾಟಲಿಯ ಕತೆ ಅವರಿಗೆ ಗೊತ್ತೇ ಇರಲಿಲ್ಲ, ನಾನು ಹೋಗಿ ಹೇಳಿದ ಹಾಗಾಯಿತು.

ಅವರು ಗುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನೀವು ಹೇಳೋದು ಖರೆ ಇರಬೌದು,” ಅಂದರು. “ಆದರೆ ಅವತ್ತು ಹೇಳಿದ್ದು ರಸ್ತೆ ಮೇಲೆ. ಇವತ್ತು ಹೇಳ್ತಿರೋದು ನನ್ನ ಜಗಲಿ ಮೇಲೆ. ನಾ ಒಬ್ಬ ನಂಬಿ ಎಂತ ಮಾಡ್ಲಿ? ನಾಳೆ ಊರೋರು ನನ್ನ ಮಗಳಿಗೆ ಕುಡುಕನ ಹೆಂಡ್ತಿ ಅಂತಾರೆ.”

ಅದು ನ್ಯಾಯವಾದ ಮಾತು. ಗುಂಡನ್ನು ವಾಪಸು ಇಸಿದುಕೊಂಡು ಜಗಲಿ ಇಳಿದೆ. ಬಸ್ಸು ನಿಲ್ಲುವ ಕಡೆ ಒಂದು ಚಾದಂಗಡಿ ಇತ್ತು, ಹತ್ತು ಹನ್ನೆರಡು ಜನ ಕೂತಿದ್ದರು. ಪಕ್ಕದ ಬಾವಿಯಲ್ಲಿ ಹೆಂಗಸರು ನೀರು ಸೇದುತ್ತಿದ್ದರು. ಎರಡೂ ಕಡೆಗೆ ಕೇಳುವ ಹಾಗೆ ನಡುವೆ ನಿಂತೆ. ದನಿ ನನಗೆ ಮೊದಲಿನಿಂದಲೂ ದೊಡ್ಡದೇ.

ಕಾರು ಗದ್ದೆಗೆ ಬಿದ್ದಾಗ ಡ್ರೈವರನನ್ನು ಕುಡುಕ ಅಂದ ಹೆಂಗಸು ನಾನೇ ಅಂದೆ. ಅವನು ಕುಡಿದಿರಲಿಲ್ಲ ಅಂದೆ. ಗುಂಡನ್ನು ಎತ್ತಿ ತೋರಿಸಿದೆ, ಅದು ಚಾದಂಗಡಿಯ ಬೆಂಚಿನ ಮೇಲೆ ಕೈಯಿಂದ ಕೈಗೆ ಹೋಯಿತು. ಅಂದು ಗುಂಪಿನಲ್ಲಿದ್ದ ಆ ಮುದುಕ ಇಲ್ಲೂ ಇದ್ದ. ಕಪ್ಪು ಕೆಳಗಿಟ್ಟು ಕೇಳಿದ.

“ಹಂಗಾರೆ ಅವತ್ತು ಕುಡಿದಿದ್ದು ಯಾರು?”

ಎಲ್ಲರೂ ನಕ್ಕರು. ಬಾವಿಯ ಹತ್ತಿರವೂ ನಗು ಕೇಳಿಸಿತು.

“ಯಾರೂ ಕುಡಿದಿರ್ಲಿಲ್ಲ ಅಜ್ಜಾರೆ,” ಅಂದೆ. “ಕುಡಿದಿದ್ರಾದ್ರೂ ನನಗೊಂದು ನೆವ ಇರ್ತಿತ್ತು.”

ಇನ್ನೂ ನಕ್ಕರು. ನಗಲಿ ಅಂತ ನಿಂತೆ. ಆ ಊರಿನವರು ನನ್ನ ಮೇಲೆ ಎಷ್ಟು ನಗುತ್ತಾರೋ ಅಷ್ಟು ಅವನ ಹೆಸರು ಸ್ವಚ್ಛವಾಗುತ್ತದೆ ಅನ್ನುವಷ್ಟು ಬುದ್ಧಿ ಆ ಹೊತ್ತಿಗೆ ನನಗೆ ಬಂದಿತ್ತು.

ಗುಂಡು ನನ್ನ ಕೈಗೆ ವಾಪಸು ಬಂದು, ನಾನು ಬಸ್ಸು ಕಾಯಲು ನಿಲ್ಲುವ ಹೊತ್ತಿಗೆ, ಆ ಮನೆಯ ಮುದುಕಿ ತಾನೇ ನಡೆದುಕೊಂಡು ಅಲ್ಲಿಯವರೆಗೆ ಬಂದಳು. ಬಸ್ಸಿಗೆ ಇನ್ನೂ ಹೊತ್ತಿದೆ, ಉಂಡು ಹೋಗಬೇಕಂತೆ ಅಂದಳು. ಹೆಣ್ಣು ಕೊಡುವುದಿಲ್ಲ ಅಂದ ಮನೆಯವರು ಗಂಡಿನ ಕಡೆಯ ನೊಣಕ್ಕೂ ಎಲೆ ಹಾಕುವುದಿಲ್ಲ. ನಾನು ಹೋಗಿ ಕೂತೆ. ಬಡಿಸಿದ್ದು ಆ ಹುಡುಗಿಯೇ, ತಲೆ ಎತ್ತಲಿಲ್ಲ. ಅವಳ ಅಪ್ಪ ಕಂಬಕ್ಕೆ ಒರಗಿ ಕೂತು, ಆನವಟ್ಟಿಗೆ ಹೋಗಿ ಬರಲು ಯಾವ ದಿನ ಒಳ್ಳೆಯದು ಅಂತ ತಾಯಿಯನ್ನು ಕೇಳುತ್ತಿದ್ದರು. ನಾನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.